ಅಮ್ಮಾವ್ರ ಹೇಳಿಕೆ

ಸಾಹೇಬರು: ಪ್ರಶ್ನೆ ಕೇಳೋದು ನಾನು, ಉತ್ತರ ಹೇಳೋದು ನೀನು. ಸೋಮವಾರ ಸಾಯಂಕಾಲ ನಾಲ್ಕು ಹತ್ತಕ್ಕೆ ಎಲ್ಲಿದ್ದೆ?

ಅಮ್ಮಾವ್ರು: ಮೊದಲು ಆ ಕುರ್ಚಿ ಈ ಕಡೆ ಎಳ್ಕೊಳ್ಳಿ. ನೆಲ ಒರೆಸಬೇಕು.

ಸಾಹೇಬರು: ಕುರ್ಚಿ ಎಳೆಯೋ ಹಾಗಿಲ್ಲ. ವಿಚಾರಣೆ ನಡೀತಾ ಇದೆ.

ಅಮ್ಮಾವ್ರು: ಹಾಗಾದ್ರೆ ಕಾಲಾದ್ರೂ ಎತ್ತಿ.

ಸಾಹೇಬರು ಕಾಲೆತ್ತಿದರು. ಹದಿನಾರು ವರ್ಷ ಸೈನ್ಯದಲ್ಲಿ, ಆಮೇಲೆ ಹದಿನೆಂಟು ವರ್ಷ ಪೊಲೀಸ್ ಠಾಣೆಯಲ್ಲಿ ಕಳೆದವರು ಅವರು. ಅಷ್ಟು ವರ್ಷದಲ್ಲಿ ಯಾವ ಶತ್ರುವಾಗಲಿ ಯಾವ ಕಳ್ಳನಾಗಲಿ ಅವರಿಗೆ ‘ಕಾಲೆತ್ತಿ’ ಎಂದು ಹೇಳುವ ಧೈರ್ಯ ಮಾಡಿರಲಿಲ್ಲ. ಅವರ ಹೆಂಡತಿಯನ್ನು ಠಾಣೆಯ ಪೇದೆಗಳು ‘ಅಮ್ಮಾವ್ರು’ ಎನ್ನುತ್ತಿದ್ದರು. ಸಾಹೇಬರು ನಿವೃತ್ತರಾದ ಮೇಲೆ ಬೀದಿಯವರೂ ಹಾಗೇ ಕರೆಯತೊಡಗಿದರು. ಆ ಮನೆಯಲ್ಲಿ ನಿವೃತ್ತಿಯಾದದ್ದು ಒಬ್ಬರು ಮಾತ್ರ, ಇನ್ನೊಬ್ಬರ ಹುದ್ದೆ ಹಾಗೇ ಇದೆ ಎಂದು ಬಲ್ಲವರು ಹೇಳುತ್ತಾರೆ.

ಮೂರನೆಯ ಕುರ್ಚಿಯಲ್ಲಿ ಪಕ್ಕದ ಮನೆಯ ಗಣಿತದ ಮೇಷ್ಟ್ರು ಕುಳಿತಿದ್ದರು. ‘ತುರ್ತಾಗಿ ಬನ್ನಿ, ಕನ್ನಡಕ ಮರೀಬೇಡಿ’ ಎಂದು ಸಾಹೇಬರು ಕಾಂಪೌಂಡಿನ ಮೇಲಿಂದ ಅವರನ್ನು ಕೂಗಿ ಕರೆದಿದ್ದರು. ಯಾತಕ್ಕೆಂದು ಮೇಷ್ಟ್ರಿಗೆ ಇನ್ನೂ ತಿಳಿದಿರಲಿಲ್ಲ.

ಮೇಷ್ಟ್ರು: ಸಾಹೇಬ್ರೇ, ಗಂಡಹೆಂಡ್ತಿ ಮಧ್ಯೆ ನಾನ್ಯಾಕೆ? ನಾನು ಹೋಗಿ ಆಮೇಲೆ ಬರ್ತೀನಿ.

ಸಾಹೇಬರು: ಕೂತ್ಕೊಳ್ರೀ. ನೀವು ಪಂಚರು, ಅಂದ್ರೆ ಸಾಕ್ಷಿ. ಸಾಕ್ಷಿ ಇಲ್ಲದೆ ನಾನು ಒಂದು ಹೇಳಿಕೇನೂ ಬರ್ಕೊಂಡೋನಲ್ಲ.

ಅಮ್ಮಾವ್ರು: ಬರ್ಕೊಳ್ಳೋದೇನು ಬಂತು? ನೆಲ ಒರೆಸ್ತಾ ಇದ್ದಾಳೆ ಅಂತ ಬರ್ಕೊಳ್ಳಿ.

ಸಾಹೇಬರು: (ನೋಟ್‌ಬುಕ್ಕಿನಲ್ಲಿ ಜೋರಾಗಿ ಗೀಚುತ್ತಾ) ಬರ್ಕೊಂಡೆ. ಮೂರು ವಾರದಿಂದ ಸೋಮವಾರ, ಬುಧವಾರ, ಶುಕ್ರವಾರ ನಾಲ್ಕು ಹತ್ತಕ್ಕೆ ನೀನು ಹೊರಗೆ ಹೋಗ್ತೀಯ. ಐದೂ ಮುಕ್ಕಾಲಿಗೆ ಒಳಗೆ ಬರ್ತೀಯ. ಹೋಗುವಾಗ ಹೊಸ ಕ್ಯಾನ್ವಾಸ್ ಶೂ. ಬರುವಾಗ ಬೆವರು. ಕೇಳಿದ್ರೆ ಏನಂದೆ?

ಅಮ್ಮಾವ್ರು: ತರಕಾರಿಗೆ ಹೋಗಿದ್ದೆ ಅಂದೆ.

ಸಾಹೇಬರು: ಚೀಲ ಖಾಲಿ ಇತ್ತು!

ಅಮ್ಮಾವ್ರು: ತರಕಾರಿ ಚೆನ್ನಾಗಿರಲಿಲ್ಲ.

ಸಾಹೇಬರು: ಮೂರು ವಾರ ಒಂದು ದಿನಾನೂ ಚೆನ್ನಾಗಿರಲಿಲ್ವಾ? ಮೇಷ್ಟ್ರೇ, ಗಮನಿಸಿ. ಠಾಣೆಲಿ ನಾನು ಎಂಥೆಂಥ ಸುಳ್ಳು ಕೇಳಿದೀನಿ, ಆದ್ರೆ ಸುಳ್ಳು ಹೇಳ್ತಾ ಹೇಳ್ತಾ ನನ್ನ ಕುರ್ಚಿ ಕೆಳಗೆ ನೆಲ ಒರೆಸಿದೋರು ಯಾರೂ ಇರಲಿಲ್ಲ.

ಅಮ್ಮಾವ್ರು: ಅದಕ್ಕೇ ನಿಮ್ಮ ಠಾಣೆ ಅಷ್ಟು ಗಲೀಜಾಗಿತ್ತು.

ಮೇಷ್ಟ್ರಿಗೆ ನಗು ಬಂತು. ಸಾಕ್ಷಿ ನಗಬಹುದೋ ಇಲ್ಲವೋ ಗೊತ್ತಾಗದೆ ಕೆಮ್ಮಿದರು.

ಸಾಹೇಬರು: ನೋಡಿ ಮೇಷ್ಟ್ರೇ, ಸಂಸಾರದ ಬಗ್ಗೆ ನನ್ನ ಅಭಿಪ್ರಾಯ ಹೇಳ್ತೀನಿ, ಕೇಳಿ. ಸೈನ್ಯದಲ್ಲಿ ಶತ್ರು ಯಾವ ಕಡೆ ಇದ್ದಾನೆ ಅಂತ ಗೊತ್ತಿರ್ತಿತ್ತು. ಪೊಲೀಸಲ್ಲಿ ಯಾರು ಸುಳ್ಳು ಹೇಳ್ತಿದ್ದಾರೆ ಅಂತ ಗೊತ್ತಾಗ್ತಿತ್ತು. ಮನೆಲಿ ಎರಡೂ ಗೊತ್ತಾಗಲ್ಲ. ಹಾಲು ಯಾಕೆ ಉಕ್ತು? ಯಾರೂ ಒಪ್ಕೊಳ್ಳಲ್ಲ. ಬಾಗಿಲು ಯಾರು ತೆಗೆದಿಟ್ರು? ಯಾರೂ ಅಲ್ಲ. ನೆಂಟ್ರು ಯಾವಾಗ ಹೋಗ್ತಾರೆ? ಅದಂತೂ ಯಾವ ಗುಪ್ತಚರನಿಗೂ ಗೊತ್ತಾಗಲ್ಲ.

ಅಮ್ಮಾವ್ರು: ಹಾಲು ಉಕ್ಕಿದ್ದು ನಿಮ್ಮಿಂದ. ನೋಡ್ಕೊಳ್ಳಿ ಅಂತ ಒಲೆ ಮುಂದೆ ನಿಲ್ಲಿಸಿದ್ದೆ, ನೀವು ಕಾವಲುಗಾರನ ಹಾಗೆ ಬೆನ್ನು ತಿರುಗಿಸಿ ಬಾಗಿಲ ಕಡೆ ನಿಂತಿದ್ರಿ.

ಸಾಹೇಬರು: ಅಪಾಯ ಯಾವತ್ತೂ ಹೊರಗಿಂದ ಬರುತ್ತೆ!

ಅಮ್ಮಾವ್ರು: ಹಾಲು ಒಳಗಿಂದ ಬಂತು. ಮೇಷ್ಟ್ರೇ, ಕಾಫಿ ತರ್ತೀನಿ, ಇರಿ.

ಸಾಹೇಬರು: ವಿಚಾರಣೆ ಮಧ್ಯೆ ಎದ್ದು ಹೋಗೋ ಹಾಗಿಲ್ಲ!

ಅಮ್ಮಾವ್ರು: ನಿಮಗೂ ಬೇಕಾ?

ಸಾಹೇಬರು: ಅರ್ಧ ಲೋಟ.

ಅಮ್ಮಾವ್ರು ಬಕೆಟ್ಟು ಎತ್ತಿಕೊಂಡು ಅಡಿಗೆಮನೆಗೆ ಹೋದರು. ಅವರ ಹೆಜ್ಜೆಯ ಸದ್ದು ದೂರವಾಗುವುದನ್ನೇ ಕಾದಿದ್ದ ಸಾಹೇಬರು ಕುರ್ಚಿಯನ್ನು ಮೇಷ್ಟ್ರ ಪಕ್ಕಕ್ಕೆ ಎಳೆದುಕೊಂಡರು. ಅಷ್ಟು ಹೊತ್ತು ಗುಡುಗಿದ ದನಿ ಪಿಸುಮಾತಿಗೆ ಇಳಿಯಿತು.

ಸಾಹೇಬರು: ಮೇಷ್ಟ್ರೇ, ಅವಳಿಗೆ ಏನೋ ಆಗಿದೆ ಕಣ್ರೀ.

ಮೇಷ್ಟ್ರು: ಯಾರಿಗೆ? ಅಮ್ಮಾವ್ರಿಗಾ? ಗಟ್ಟಿಮುಟ್ಟಾಗಿದ್ದಾರಲ್ಲ!

ಸಾಹೇಬರು: ಮೇಲೆ ಹಾಗೆ ಕಾಣುತ್ತೆ. ನಾನು ಹಿಂದಿನಿಂದ ಗಮನಿಸಿದೀನಿ. ಟಿವಿ ಮುಂದೆ ಕೂತಿರ್ತಾಳೆ, ಇದ್ದಕ್ಕಿದ್ದ ಹಾಗೆ ಎಡಗಾಲು ನೆಲ ಒತ್ತುತ್ತೆ, ಬಿಡುತ್ತೆ, ಒತ್ತುತ್ತೆ, ಬಿಡುತ್ತೆ. ಎರಡೂ ಕೈ ಗಾಳಿಲಿ ಏನನ್ನೋ ಹಿಡ್ಕೊಂಡು ತಿರುಗಿಸುತ್ತೆ.

ಮೇಷ್ಟ್ರು: ಅಯ್ಯೋ! ನರದ ತೊಂದರೆಯೇನೋ.

ಸಾಹೇಬರು: ನಾನೂ ಅದೇ ಅಂದ್ಕೊಂಡೆ. ಜತೆಗೆ ತನ್ನಷ್ಟಕ್ಕೆ ತಾನೇ ಎಣಿಸ್ತಾಳೆ. ಒಂದು... ಎರಡು... ಮೂರು... ಆಮೇಲೆ ಮತ್ತೆ ಎರಡು. ಮುಂದಕ್ಕೆ ಹೋಗೋಳು ಹಿಂದಕ್ಕೆ ಬರ್ತಾಳೆ.

ಮೇಷ್ಟ್ರು: ಹಿಂದಕ್ಕಾ? ಅದು ಮರೆವಿನ ಲಕ್ಷಣ. ನನ್ನ ಕ್ಲಾಸಲ್ಲೂ ಕೆಲವರು ಹಾಗೇ ಎಣಿಸ್ತಿದ್ರು. ಆದ್ರೆ ಅವ್ರಿಗೆ ಹತ್ತು ವರ್ಷ.

ಸಾಹೇಬರು: ನಿನ್ನೆ ಅವಳ ಕೈಚೀಲದಲ್ಲಿ ಇದು ಸಿಕ್ತು.

ಜೇಬಿನಿಂದ ನಾಲ್ಕಾಗಿ ಮಡಿಸಿದ ಕಾಗದವೊಂದನ್ನು ತೆಗೆದು ಮೇಜಿನ ಮೇಲಿಟ್ಟು, ಅದು ಹಾರಿಹೋಗದಿರಲೆಂದು ಅಂಗೈಯನ್ನು ಅದರ ಮೇಲಿಟ್ಟುಕೊಂಡರು. ಫ್ಯಾನು ಹಾಕಿರಲಿಲ್ಲ, ಕಿಟಕಿ ಮುಚ್ಚಿತ್ತು.

ಮೇಷ್ಟ್ರು: ಏನಿದೆ ಇದರಲ್ಲಿ?

ಸಾಹೇಬರು: ಮೇಲೆ ದೊಡ್ಡದಾಗಿ ‘ವೈದ್ಯಕೀಯ’ ಅಂತಿದೆ. ಕೆಳಗೆ ಡಾಕ್ಟರ ಮೊಹರು. ಜತೇಲಿ ಅವಳ ಎರಡು ಫೋಟೋ. ಫೋಟೋ ತೆಗೆಸಿದಾಳೆ ಅಂದ್ರೆ ಆಸ್ಪತ್ರೆಗೆ ಸೇರಿಸ್ಕೊಳ್ತಾರೆ ಅಂತ ತಾನೇ ಅರ್ಥ?

ಮೇಷ್ಟ್ರು: ಮಧ್ಯದಲ್ಲಿ ಏನು ಬರೆದಿದ್ದಾರೆ?

ಸಾಹೇಬರು: ಅದನ್ನ... ಅದನ್ನ ಸಾಕ್ಷಿ ಓದಬೇಕು. ಪದ್ಧತಿ ಇದೆ. ತನಿಖೆ ಮಾಡೋನೇ ಓದಿಬಿಟ್ರೆ ಪಕ್ಷಪಾತ ಆಗುತ್ತೆ.

ಮೇಷ್ಟ್ರು: ಸರಿ, ಕೊಡಿ. ಕನ್ನಡಕ ತಂದಿದೀನಿ.

ಸಾಹೇಬರು: ಇರಿ.

ಮೇಷ್ಟ್ರು: ಕೈ ತೆಗೀರಿ ಸಾಹೇಬ್ರೇ.

ಸಾಹೇಬರು: ಇರ್ರೀ ಅಂದೆನಲ್ಲ! ಯಾಕೆ ಅವಸರ? ಮೊದಲು ಅವಳ ಹೇಳಿಕೆ ಪೂರ್ತಿ ಆಗಲಿ.

ಮೇಷ್ಟ್ರು: ನಿನ್ನೆ ಸಿಕ್ಕಿದ್ದು ಅಂದ್ರಲ್ಲ. ನಿನ್ನೆಯಿಂದ ಹೀಗೇ ಇಟ್ಕೊಂಡು ಕೂತಿದೀರಾ?

ಸಾಹೇಬರು: ನಿದ್ದೆ ಬಂದಿಲ್ಲ ಮೇಷ್ಟ್ರೇ. ಗಡಿಯಲ್ಲಿ ಹಿಮದ ಮೇಲೆ ಮಲಗಿದ್ದೆ, ನಿದ್ದೆ ಬರ್ತಿತ್ತು. ಮೂವತ್ತೊಂಬತ್ತು ವರ್ಷ ಆಯ್ತು ಅವಳನ್ನ ಕಟ್ಕೊಂಡು. ಅದರಲ್ಲಿ ಅರ್ಧ ನಾನು ಮನೆಲೇ ಇರಲಿಲ್ಲ. ಈಗ ತಾನೆ ಒಟ್ಟಿಗೆ ಕೂತು ಜಗಳ ಆಡೋಕೆ ಶುರು ಮಾಡಿದೀವಿ. ಈಗ ಅವಳಿಗೇನಾದ್ರೂ...

ಮೇಷ್ಟ್ರು ಗೆಳೆಯನ ಕೈಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟು ಕಾಗದ ಬಿಚ್ಚಿದರು. ಕನ್ನಡಕವನ್ನು ಒರೆಸಿ, ಹಾಕಿ, ತಮ್ಮೊಳಗೇ ಓದಿಕೊಂಡರು. ಮತ್ತೊಮ್ಮೆ ಓದಿಕೊಂಡರು. ಹುಬ್ಬು ಮೇಲೇರಿತು.

ಸಾಹೇಬರು: ಹೇಳಿಬಿಡಿ. ನಾನು ಸೈನಿಕ. ತಡ್ಕೊತೀನಿ.

ಮೇಷ್ಟ್ರು: ‘ತಲೆಸುತ್ತು’ ಅಂತಿದೆ.

ಸಾಹೇಬರು: ಅಯ್ಯೋ!

ಮೇಷ್ಟ್ರು: ‘ಇಲ್ಲ’ ಅಂತಿದೆ. ಪೂರ್ತಿ ಕೇಳಿ. ‘ಮೂರ್ಛೆ...’

ಸಾಹೇಬರು: ಮೂರ್ಛೆ ಬೇರೆನಾ!

ಮೇಷ್ಟ್ರು: ‘ಮೂರ್ಛೆ ರೋಗ ಇಲ್ಲ. ಎರಡೂ ಕಿವಿ ಸರಿಯಾಗಿ ಕೇಳುತ್ತವೆ. ಎರಡೂ ಕಣ್ಣು ಸರಿಯಾಗಿ ಕಾಣುತ್ತವೆ. ಕೆಂಪು, ಹಸಿರು ಬಣ್ಣ ಗುರುತಿಸುತ್ತಾರೆ. ಕೈಕಾಲು ಬಲವಾಗಿವೆ.’

ಸಾಹೇಬರು: ಇಷ್ಟೆಲ್ಲ ಸರಿ ಇರೋ ಕಾಯಿಲೆ ಯಾವುದ್ರೀ ಅದು?

ಮೇಷ್ಟ್ರು: ‘ಆದ್ದರಿಂದ ಇವರು ವಾಹನ ಚಾಲನೆಗೆ ಅರ್ಹರು.’

ಅಡಿಗೆಮನೆಯ ಬಾಗಿಲಲ್ಲಿ ಅಮ್ಮಾವ್ರು ಮೂರು ಲೋಟದ ತಟ್ಟೆ ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಕಾಫಿಯ ಮೇಲೆ ಕೆನೆ ಕಟ್ಟಿತ್ತು.

ಸಾಹೇಬರು: ಯಾವ ವಾಹನ?

ಅಮ್ಮಾವ್ರು: ನಮ್ಮದೇ. ಷೆಡ್ಡಲ್ಲಿ ಹೊದ್ಕೊಂಡು ಮಲಗಿದೆಯಲ್ಲ, ಅದು.

ಸಾಹೇಬರು: ಕಾರಾ? ನೀನಾ? ಕಾರು ಕಲಿಯೋಕೆ ಹೋಗ್ತಿದ್ಯಾ?

ಅಮ್ಮಾವ್ರು: ಹೋಗ್ತಿದ್ದೆ. ಕಲಿತಾಯ್ತು. ಶುಕ್ರವಾರ ಪರೀಕ್ಷೆ ಪಾಸಾಯ್ತು. ಎಡಗಾಲಲ್ಲಿ ಕ್ಲಚ್ಚು, ಕೈಲಿ ಸ್ಟೇರಿಂಗು, ಬಾಯಲ್ಲಿ ಗೇರು. ಮನೆಲಿ ಕೂತು ಅಭ್ಯಾಸ ಮಾಡಿದ್ರೆ ನರದ ಕಾಯಿಲೆ ಅಂತೆ!

ಸಾಹೇಬರು ಒಂದು ನಿಟ್ಟುಸಿರು ಬಿಟ್ಟರು. ಒಳಗಿದ್ದ ಭಯವೆಲ್ಲ ಅದರ ಜತೆ ಹೊರಟುಹೋಯಿತು. ಜಾಗ ಖಾಲಿಯಾದ ತಕ್ಷಣ ಕೋಪ ಬಂದು ಕೂತುಕೊಂಡಿತು.

ಸಾಹೇಬರು: ನನ್ನ ಒಂದು ಮಾತು ಕೇಳದೆ! ರಸ್ತೆ ಅಂದ್ರೆ ಏನಂದ್ಕೊಂಡಿದೀಯ? ಯುದ್ಧಭೂಮಿಲೂ ಒಂದು ನಿಯಮ ಇರುತ್ತೆ, ರಸ್ತೆಲಿ ಅದೂ ಇಲ್ಲ. ಯುದ್ಧಕ್ಕೆ ಮುಂಚೆ ತುತ್ತೂರಿ ಊದ್ತಾರೆ. ಇಲ್ಲಿ ಎಲ್ರೂ ಊದ್ತಾನೇ ಇರ್ತಾರೆ, ಯುದ್ಧ ಯಾವಾಗ ಶುರುವಾಯ್ತು ಅಂತಾನೇ ಗೊತ್ತಾಗಲ್ಲ. ಯಾರು ನಿನಗೆ ಕಲಿಸಿದ್ದು?

ಅಮ್ಮಾವ್ರು: ಡ್ರೈವಿಂಗ್ ಶಾಲೆಯವನು. ನಿಮ್ಮ ಹೆಸರು ಹೇಳಿದ ತಕ್ಷಣ ಎದ್ದು ನಿಂತ.

ಸಾಹೇಬರು: ನೋಡಿ ಮೇಷ್ಟ್ರೇ, ಇನ್ನೂ ಜನಕ್ಕೆ ಗೌರವ ಇದೆ.

ಅಮ್ಮಾವ್ರು: ಓಡಿಹೋಗೋಕೆ ಎದ್ದಿದ್ದು. ಹಿಂದೆ ನೀವು ಅವನನ್ನ ಚೌಕದಲ್ಲಿ ಹಿಡಿದು ಎರಡು ಗಂಟೆ ಬಿಸಿಲಲ್ಲಿ ನಿಲ್ಲಿಸಿ ರಸ್ತೆ ನಿಯಮದ ಪಾಠ ಮಾಡಿದ್ರಂತೆ. ಅವತ್ತು ಪೂರ್ತಿ ಬಾಯಿಪಾಠ ಆಗಿಹೋಯ್ತು, ಬೇರೆ ಕಸುಬು ಯಾಕೆ ಅಂತ ಇದನ್ನೇ ಹಿಡಿದೆ ಅಮ್ಮ ಅಂದ.

ಮೇಷ್ಟ್ರು: ಹಾಗಾದ್ರೆ ಸಾಹೇಬ್ರೇ, ಒಂದು ರೀತೀಲಿ ನೀವೇ ಕಲಿಸಿದ ಹಾಗಾಯ್ತು.

ಸಾಹೇಬರು: ನೀವು ಸಾಕ್ಷಿ. ಅಭಿಪ್ರಾಯ ಹೇಳೋ ಹಾಗಿಲ್ಲ. ಏ, ಇದಕ್ಕೆ ಉತ್ತರ ಹೇಳು. ನಾನಿಲ್ವಾ ಓಡಿಸೋಕೆ? ಯುದ್ಧದಲ್ಲಿ ಟ್ರಕ್ಕು ಓಡಿಸಿದೋನು ನಾನು. ದೀಪ ಹಾಕದೆ, ಬೆಟ್ಟದ ಅಂಚಲ್ಲಿ! ನಿನಗ್ಯಾಕೆ ಬೇಕಾಗಿತ್ತು ಈ ಉಸಾಬರಿ?

ಅಮ್ಮಾವ್ರು ಕಾಫಿ ತಟ್ಟೆಯನ್ನು ಮೇಜಿನ ಮೇಲಿಟ್ಟರು. ಸೆರಗಿಗೆ ಕೈ ಒರೆಸಿಕೊಂಡು, ಗಂಡನ ಮುಂದಿದ್ದ ನೋಟ್‌ಬುಕ್ಕನ್ನು ಎತ್ತಿಕೊಂಡು ಮೇಷ್ಟ್ರ ಪಕ್ಕದಲ್ಲಿ ಕುಳಿತರು.

ಅಮ್ಮಾವ್ರು: ಈಗ ಪ್ರಶ್ನೆ ಕೇಳೋದು ನಾನು. ಎಂಟು ತಿಂಗಳಿಂದ ಕಾರು ಯಾಕೆ ಹೊರಗೆ ತೆಗೆದಿಲ್ಲ?

ಸಾಹೇಬರು: ನಡೆದ್ರೆ ಆರೋಗ್ಯಕ್ಕೆ ಒಳ್ಳೇದು.

ಅಮ್ಮಾವ್ರು: ಅಕ್ಕನ ಮನೆಗೆ ಹದಿನೇಳು ಕಿಲೋಮೀಟರು. ಅಲ್ಲಿಗೂ ನಡೆದು ಹೋಗೋಣ ಅಂದ್ರಿ.

ಸಾಹೇಬರು: ಸೈನ್ಯದಲ್ಲಿ ಹದಿನೇಳು ಅಂದ್ರೆ ಬೆಳಗಿನ ವ್ಯಾಯಾಮ.

ಅಮ್ಮಾವ್ರು: ಪೇಪರು ಯಾಕೆ ನನ್ನ ಕೈಲಿ ಓದಿಸ್ತೀರಿ?

ಸಾಹೇಬರು: ಅದು ದಿನದ ವರದಿ. ಕೆಳಗಿನೋರು ಓದಬೇಕು, ಮೇಲಿನೋರು ಕೇಳಬೇಕು.

ಅಮ್ಮಾವ್ರು: ಕೆಳಗಿನೋರು! ಸರಿ, ಅದನ್ನ ಆಮೇಲೆ ವಿಚಾರಿಸ್ಕೊತೀನಿ. ಹಜಾರದಲ್ಲಿ ಇದ್ದ ಗಡಿಯಾರ ತೆಗೆದು, ರೈಲ್ವೆ ಸ್ಟೇಷನ್ನಿನಲ್ಲಿ ಹಾಕೋವಷ್ಟು ದೊಡ್ಡದು ಯಾಕೆ ತಂದ್ರಿ?

ಸಾಹೇಬರು: ಶಿಸ್ತು.

ಅಮ್ಮಾವ್ರು: ಹೋದ ತಿಂಗಳು ಬೆಳಿಗ್ಗೆ ಹಿತ್ತಲಲ್ಲಿ ‘ಯಾರಲ್ಲಿ? ಕೈ ಮೇಲೆತ್ತು’ ಅಂತ ಕೂಗಿದ್ರಲ್ಲ, ಯಾರಿದ್ರು ಅಲ್ಲಿ?

ಸಾಹೇಬರು: ಒಬ್ಬ ಅಪರಿಚಿತ. ಓಡಿಹೋದ.

ಅಮ್ಮಾವ್ರು: ಒಣಗೋಕೆ ಹಾಕಿದ್ದ ನನ್ನ ನೈಟಿ. ಓಡಿಹೋಗಲಿಲ್ಲ, ನಾನೇ ಮಡಿಸಿ ಒಳಗೆ ತಂದೆ. ಬಟ್ಟೆ ಅಂಗಡಿಲಿ ಆ ಗೊಂಬೆಗೆ ‘ಸ್ವಲ್ಪ ದಾರಿ ಬಿಡಮ್ಮ’ ಅಂತ ಮೂರು ಸಲ ಹೇಳಿದ್ರಿ. ಬಿಡಲಿಲ್ಲ ಅಂತ ‘ಈಗಿನೋರಿಗೆ ಮರ್ಯಾದೆ ಇಲ್ಲ’ ಅಂತ ಅಂಗಡಿಯವನ ಹತ್ರ ದೂರು ಬೇರೆ.

ಮೇಷ್ಟ್ರು: ಓಹೋ! ಮೊನ್ನೆ ನಾನು ಗೇಟಲ್ಲಿ ನಿಂತು ಕೈ ಬೀಸಿದೆ, ಸಾಹೇಬ್ರು ಮುಖ ತಿರುಗಿಸಿ ಹೋದ್ರು. ನಾನೇನು ತಪ್ಪು ಮಾಡಿದೆ ಅಂತ ಎರಡು ದಿನ ಯೋಚಿಸಿದೆ.

ಸಾಹೇಬರು: ಮೇಷ್ಟ್ರೇ, ನೀವು ಯಾರ ಕಡೆ?

ಅಮ್ಮಾವ್ರು: (ನೋಟ್‌ಬುಕ್ಕನ್ನು ಗಂಡನ ಮುಂದೆ ಹಿಡಿದು) ಇದು ನೀವೇ ಈಗ ಬರೆದ ನನ್ನ ಹೇಳಿಕೆ. ಓದಿ.

ಸಾಹೇಬರು: (ಗಂಟಲು ಸರಿಮಾಡಿಕೊಂಡು) ‘ಮೂರು ವಾರದಿಂದ ಸೋಮವಾರ, ಬುಧವಾರ, ಶುಕ್ರವಾರ ನಾಲ್ಕು ಹತ್ತಕ್ಕೆ ಸದರಿ ಮಹಿಳೆ...’

ಅಮ್ಮಾವ್ರು: ಪುಸ್ತಕ ತಲೆಕೆಳಗಾಗಿ ಹಿಡಿದಿದೀನಿ ರೀ.

ಮೇಷ್ಟ್ರು ಪುಸ್ತಕವನ್ನು ಸರಿಯಾಗಿ ತಿರುಗಿಸಿ ನೋಡಿದರು. ಒಂದು ಸಾಲಿನ ಮೇಲೆ ಇನ್ನೊಂದು ಸಾಲು, ಅದರ ಮೇಲೆ ಮತ್ತೊಂದು. ಮೂವತ್ತು ವರ್ಷ ಹುಡುಗರ ಉತ್ತರಪತ್ರಿಕೆ ತಿದ್ದಿದ ಅವರಿಗೂ ಒಂದಕ್ಷರ ಬಿಡಿಸಲಾಗಲಿಲ್ಲ. ಪುಸ್ತಕವನ್ನು ಮುಚ್ಚಿ ತಮ್ಮ ತೊಡೆಯ ಮೇಲಿಟ್ಟುಕೊಂಡು ಕಾಫಿ ಕುಡಿದರು.

ಅಮ್ಮಾವ್ರು: ಎಷ್ಟು ದಿನ ಆಯ್ತು ರೀ?

ಸಾಹೇಬರು: ...ಎಂಟು ತಿಂಗಳು. ಕಣ್ಣಿನ ಡಾಕ್ಟರ ಹತ್ರ ಒಬ್ಬನೇ ಹೋಗಿದ್ದೆ. ಪೊರೆ ಬಂದಿದೆ ಅಂದ್ರು. ಗಾಡಿ ಮುಟ್ಟಬೇಡಿ ಅಂದ್ರು.

ಅಮ್ಮಾವ್ರು: ಪೊರೆ ತಾನೇ? ಆಪರೇಷನ್ ಮಾಡಿದ್ರೆ ಹೋಗುತ್ತೆ. ಇದಕ್ಕೆ ಎಂಟು ತಿಂಗಳು ನನ್ನ ನೈಟಿ ಜತೆ ಯುದ್ಧ ಮಾಡಬೇಕಿತ್ತಾ?

ಸಾಹೇಬರು: ನಿನಗೇನು, ಹೇಳ್ತೀಯ. ಗುಂಡು ಬಂದ್ರೆ ತಲೆ ತಗ್ಗಿಸಬಹುದು. ಕಲ್ಲು ಬಂದ್ರೆ ಪಕ್ಕಕ್ಕೆ ಸರೀಬಹುದು. ಅಲ್ಲಿ ಕಣ್ಣು ಬಿಟ್ಕೊಂಡು ಅಲುಗಾಡದೆ ಮಲಗಿರಬೇಕಂತೆ! ಅವನು ಚೂಪಾದ್ದು ಹಿಡ್ಕೊಂಡು ಹತ್ರ ಬರ್ತಾನೆ, ನಾನು ನೋಡ್ತಾ ಇರಬೇಕು! ಮೇಷ್ಟ್ರೇ, ಇದು ಯಾವ ನ್ಯಾಯ?

ಮೇಷ್ಟ್ರು: ನನಗೂ ಎರಡೂ ಕಣ್ಣಿಗೆ ಮಾಡಿದ್ದಾರೆ ಸಾಹೇಬ್ರೇ. ಹತ್ತು ನಿಮಿಷ. ಆ ಡಾಕ್ಟ್ರು ನನ್ನ ಹಳೇ ವಿದ್ಯಾರ್ಥಿ, ಮಾಡ್ತಾ ಮಾಡ್ತಾ ಮಗ್ಗಿ ಒಪ್ಪಿಸಿದ.

ಅಮ್ಮಾವ್ರು: ಹೆದರಿಕೆ ಅಂತ ಒಂದು ಮಾತು ಹೇಳಿದ್ರೆ ನಾನೇನು ನಗ್ತಿದ್ನಾ?

ಸಾಹೇಬರು: ನಗ್ತಿದ್ದೆ.

ಅಮ್ಮಾವ್ರು: ನಗ್ತಿದ್ದೆ. ಆಮೇಲೆ ಜತೆಗೆ ಬರ್ತಿದ್ದೆ. ನೀವು ದೂರ ದೂರ ಇದ್ದಾಗ ಎಲ್ಲದಕ್ಕೂ ಒಬ್ಬಳೇ ಓಡಾಡಿದೀನಿ, ನನಗೆ ಅಭ್ಯಾಸ ಆಗಿದೆ. ನಿಮಗೆ ಯಾರನ್ನೂ ಕೇಳಿ ಅಭ್ಯಾಸ ಇಲ್ಲ. ಬಾಡಿಗೆ ಗಾಡಿಲಿ ಹೋದ್ರೆ ಅವನ ಕಾಗದಪತ್ರ ತೋರಿಸು ಅಂತೀರಿ, ಅವನು ಅರ್ಧ ದಾರಿಲಿ ಇಳಿಸಿ ಹೋಗ್ತಾನೆ. ನಿಮಗೆ ಬೇರೆಯವರ ಮುಂದೆ ತಲೆ ತಗ್ಗಿಸೋ ಹಾಗೆ ಆಗಬಾರದು ಅಂತ ಈ ವಯಸ್ಸಲ್ಲಿ ಕ್ಲಚ್ಚು ಒದ್ದು ಒದ್ದು ಮಂಡಿ ನೋವು ಬರಿಸ್ಕೊಂಡಿದೀನಿ.

ಸಾಹೇಬರು ತಮ್ಮ ಅರ್ಧ ಲೋಟಕ್ಕೆಂದು ಕೈ ಚಾಚಿ ಮೇಷ್ಟ್ರ ಲೋಟವನ್ನು ಹಿಡಿದರು. ಅಮ್ಮಾವ್ರು ಸದ್ದಿಲ್ಲದೆ ಸರಿಯಾದ ಲೋಟವನ್ನು ಅವರ ಕೈಗೆ ಕೊಟ್ಟರು.

ಅಮ್ಮಾವ್ರು: ಬೇಗ ಕುಡೀರಿ. ನಾಲ್ಕೂವರೆಗೆ ಕಣ್ಣಿನ ಡಾಕ್ಟ್ರು ಬರಹೇಳಿದ್ದಾರೆ, ನಿನ್ನೆನೇ ಕೇಳಿಟ್ಟಿದೀನಿ.

ಸಾಹೇಬರು: ಇವತ್ತಾ! ಇವತ್ತೇ ಕುಯ್ತಾರಾ?

ಅಮ್ಮಾವ್ರು: ಇವತ್ತು ಬರೀ ನೋಡ್ತಾರೆ. ದಿನ ಗೊತ್ತು ಮಾಡ್ತಾರೆ.

ಸಾಹೇಬರು: ಮೊದಲೇ ನೋಟೀಸು ಕೊಡದೆ ಯಾರನ್ನೂ ಹೀಗೆ ಎಳ್ಕೊಂಡು ಹೋಗೋ ಹಾಗಿಲ್ಲ. ನಾನು ಮೂವತ್ತನಾಲ್ಕು ವರ್ಷ...

ಅಮ್ಮಾವ್ರು: ಮೂವತ್ತನಾಲ್ಕು ವರ್ಷ ಎಷ್ಟು ಜನಕ್ಕೆ ನೋಟೀಸು ಕೊಟ್ಟು ಎಳ್ಕೊಂಡು ಹೋಗಿದೀರಿ?

ಸಾಹೇಬರು: ...ಮೇಷ್ಟ್ರೇ, ನೀವೂ ಬನ್ನಿ.

ಮೇಷ್ಟ್ರು: ಸಾಕ್ಷಿಯಾಗಿಯಾ?

ಸಾಹೇಬರು: ಸುಮ್ನೆ ಬನ್ರೀ.

ಹತ್ತು ನಿಮಿಷದಲ್ಲಿ ಕಾರು ಹೊದಿಕೆಯಿಂದ ಹೊರಗೆ ಬಂತು. ಮೇಷ್ಟ್ರು ಹಿಂದಿನ ಸೀಟಿನ ನಡುಮಧ್ಯೆ, ಎರಡೂ ಕಡೆಯಿಂದ ಸಮಾನ ದೂರದಲ್ಲಿ ಕುಳಿತರು. ಅದು ಸುರಕ್ಷಿತವೆಂದು ಅವರ ಲೆಕ್ಕ. ಸಾಹೇಬರು ಅಭ್ಯಾಸಬಲದಿಂದ ಸ್ಟೇರಿಂಗಿನ ಕಡೆಯ ಬಾಗಿಲಿಗೆ ಹೋದರು. ಒಳಗೆ ಆಗಲೇ ಹೆಂಡತಿ ಕೂತಿದ್ದರಿಂದ ಕಾರನ್ನು ಪೂರ್ತಿ ಸುತ್ತಿ, ಅದನ್ನು ತಪಾಸಣೆ ಎಂದು ಕರೆದು, ಇನ್ನೊಂದು ಕಡೆ ಹತ್ತಿದರು. ಎಂಜಿನ್ನು ಎರಡು ಸಲ ಕೆಮ್ಮಿ ಸತ್ತಿತು. ಮೂರನೆಯ ಸಲಕ್ಕೆ ಹಿಡಿಯಿತು.

ಸಾಹೇಬರು: (ಮುಂದಕ್ಕೆ ಬಾಗಿ, ಹಳೆಯ ಗತ್ತಿನಲ್ಲಿ) ರಸ್ತೆ ಖಾಲಿ ಇದೆ. ಮುಂದೆ ನಡಿ!

ಅಮ್ಮಾವ್ರು: ನಡೀತೀನಿ. ಮೊದಲು ಯಾರಾದ್ರೂ ಗೇಟು ತೆಗೀಲಿ.

ಮೇಷ್ಟ್ರು ಇಳಿದು ಗೇಟು ತೆಗೆದರು, ಕಾರು ಹೊರಗೆ ಬರುವವರೆಗೂ ಗೋಡೆಗೆ ಅಂಟಿಕೊಂಡು ನಿಂತಿದ್ದು ಮತ್ತೆ ಹತ್ತಿದರು. ಬೀದಿಯ ತಿರುವಿನವರೆಗೂ ಸಾಹೇಬರು ಬಾಗಿಲ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಆಮೇಲೆ ಒಂದು ಕೈ ಬಿಟ್ಟು, ಮೇಷ್ಟ್ರಿಗೆ ಕೇಳದಷ್ಟು ಮೆಲ್ಲಗೆ ಹೆಂಡತಿಯ ಕಡೆ ವಾಲಿದರು.

ಸಾಹೇಬರು: ನಿಜ ಹೇಳು. ನಿನಗೆ ಏನೂ ಆಗಿಲ್ಲ ತಾನೇ?

ಅಮ್ಮಾವ್ರು: ಇಲ್ಲಿವರೆಗೂ ಇಲ್ಲ ರೀ. ನೀವು ಬಾಯಿ ಮುಚ್ಕೊಂಡು ಕೂತಿದ್ರೆ ಆಸ್ಪತ್ರೆವರೆಗೂ ಆಗಲ್ಲ.